ಅವ್ವ ಮುಟ್ಟಿದ ಬುದ್ಧ

ಅಕ್ಟೋಬರ್ 13, ಭಾನುವಾರ

ಬೆಳಿಗ್ಗೆ ಏಳಕ್ಕೆ ಮದ್ದೂರು ಸೇರಿದೆವು. ಕಾಲು ಬಾತಿದೆ, ಗಂಟಲು ಕಟ್ಟಿದೆ. ಆರು ದಿನದ ಶ್ರೀಲಂಕಾ ಪ್ರವಾಸ ಇನ್ನು ಹತ್ತು ವರ್ಷಕ್ಕೆ ಸಾಕು. ದಸರಾ ರಜೆ ಬಂದರೆ ಮೇಷ್ಟರಿಗೆ ಏನು ಸುಖವಪ್ಪ ಅನ್ನುವವರು ಒಂದು ಸಲ ನಲವತ್ತು ಜನ ಮಂಡ್ಯ ಜಿಲ್ಲೆಯವರ ಜೊತೆ ಒಂದೇ ಬಸ್ಸಿನಲ್ಲಿ ಪರದೇಶ ಸುತ್ತಿ ನೋಡಬೇಕು.

ಅವ್ವ ಮಾತು ಬಿಟ್ಟಿದ್ದಾಳೆ. ವಿಮಾನ ನಿಲ್ದಾಣದಿಂದ ಮನೆ ಬಾಗಿಲವರೆಗೂ ಕಿಟಕಿ ಕಡೆ ತಿರುಗಿ ಕೂತಿದ್ದಳು. ನನ್ನ ಹೆಂಡತಿ ಶಾಲಿನಿ ಕಾಫಿ ತಂದುಕೊಟ್ಟು, "ಹೆಂಗಿತ್ತು ಅತ್ತೆ ಲಂಕೆ?" ಎಂದು ಕೇಳಿದಳು. "ಚೆಂದಾಗೈತೆ" ಅಂದು ಲೋಟ ಕೆಳಗಿಟ್ಟು ಒಳಗೆ ಹೋಗಿ ಮಲಗಿಬಿಟ್ಟಳು. ಶಾಲಿನಿ ನನ್ನ ಮುಖ ನೋಡಿದಳು. ನಾನು ಬ್ಯಾಗಿನಿಂದ ಬಟ್ಟೆ ತೆಗೆಯತೊಡಗಿದೆ.

ಹೋಗುವಾಗ ಇದ್ದ ಆಸೆಯೇ ಬೇರೆ. ಅಪ್ಪ ಮರಿಸಿದ್ದಯ್ಯನವರು ಅರವತ್ತರ ವಯಸ್ಸಿನಲ್ಲಿ ಬೌದ್ಧ ದೀಕ್ಷೆ ತಗೊಂಡು, ಮನೆಯಲ್ಲಿದ್ದ ದೇವರ ಪಟಗಳನ್ನೆಲ್ಲ ಇಳಿಸಿ, ಗೋಡೆಗೆ ಬುದ್ಧ ಮತ್ತು ಅಂಬೇಡ್ಕರ್ ಇಬ್ಬರನ್ನೇ ಹಾಕಿದವರು. ಒಂದು ಸಲ ಬೌದ್ಧರ ನಾಡು ನೋಡಿ ಬರಬೇಕು ಶಿವರಾಮು ಅನ್ನುತ್ತಿದ್ದರು. ನೋಡದೆಯೇ ಹೋದರು, ಮೂರು ವರ್ಷವಾಯಿತು. ಅವರ ಬದಲು ಅವ್ವನನ್ನಾದರೂ ಕರೆದುಕೊಂಡು ಹೋಗೋಣ ಎಂದು ಹೊರಟೆ. ಒಳ್ಳೆಯ ಮಗ ಅನ್ನಿಸಿಕೊಳ್ಳುವ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಆಗಿದ್ದು ಇಷ್ಟು. ಐದನೆಯ ದಿನ, ಕ್ಯಾಂಡಿಯಿಂದ ಇಳಿದು ಬರುವ ದಾರಿಯಲ್ಲಿ ಒಂದು ಹಳೆಯ ವಿಹಾರ. ಅಂಗಳದಲ್ಲಿ ದೊಡ್ಡ ಅರಳಿಮರ, ಸುತ್ತ ಕಟ್ಟೆ, ಕಟ್ಟೆಯ ಮೇಲೆ ಮೊಣಕಾಲೆತ್ತರದ ಕಲ್ಲಿನ ಬುದ್ಧ. ಬಿಳಿ ಬಟ್ಟೆಯ ಹೆಂಗಸರು ಬಿಂದಿಗೆಯಲ್ಲಿ ನೀರು ತಂದು ಮರದ ಬುಡಕ್ಕೆ ಹೊಯ್ದು ಸುತ್ತು ಬರುತ್ತಿದ್ದರು. ಅವ್ವ ಅವರ ಹಿಂದೆಯೇ ಮೂರು ಸುತ್ತು ಬಂದಳು. ಆಮೇಲೆ ನಿಂತು, ಸೊಂಟದ ಗಂಟಿನಿಂದ ಒಂದು ಪೊಟ್ಟಣ ತೆಗೆದಳು. ಹಿಂದಿನ ದಿನ ತಮಿಳರ ದೇವಸ್ಥಾನದಲ್ಲಿ ಕೊಟ್ಟ ಕುಂಕುಮ ಅದು. ಅಪ್ಪ ಹೋದ ಮೇಲೆ ಅವಳು ಕುಂಕುಮ ಇಡುವುದಿಲ್ಲ, ಮೊಮ್ಮಗಳಿಗೆ ಎಂದು ಇಟ್ಟುಕೊಂಡಿದ್ದಳು. ಅದನ್ನು ಬಿಚ್ಚಿ ಬುದ್ಧನ ಹಣೆಗೆ ಇಟ್ಟುಬಿಟ್ಟಳು.

ಕಾವಲಿನವನು ಕೂಗಿಕೊಂಡ. ನಮ್ಮ ಬಸ್ಸಿನವರೆಲ್ಲ ತಿರುಗಿ ನೋಡಿದರು. ಬುದ್ಧನ ಹಣೆಗೆ ಕುಂಕುಮ! ಅದೂ ನಾಲ್ಕು ದಿನ ಬಸ್ಸಿನಲ್ಲಿ ಬುದ್ಧನ ಬಗ್ಗೆ ಪಾಠ ಮಾಡಿದ ಮೇಷ್ಟರ ತಾಯಿ!

ನಿದ್ದೆ ಎಳೆಯುತ್ತಿದೆ. ಸಾಕು.

ಅಕ್ಟೋಬರ್ 15, ಮಂಗಳವಾರ

ಬಸ್ಸಿನವರ ಬಗ್ಗೆಯೂ ಬರೆಯಬೇಕು, ಇಲ್ಲದಿದ್ದರೆ ತಪ್ಪೆಲ್ಲ ಅವ್ವನ ತಲೆಗೇ ಕಟ್ಟಿದಂತಾಗುತ್ತದೆ. ಮಂಡ್ಯದಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಅಂಬರೀಶ್ ಮೊದಲ ದಿನವೇ ಬುದ್ಧನಿಗೆ ಬೆನ್ನು ಹಾಕಿ ನಿಂತು ಸೆಲ್ಫಿ ತೆಗೆದುಕೊಂಡ. ಗೈಡು ಓಡಿ ಬಂದು, ಇಲ್ಲಿ ಹಾಗೆ ಮಾಡಬಾರದು, ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ ಅಂದ. "ಬೆನ್ನು ಹಾಕ್ದೆ ಸೆಲ್ಫಿ ತಗಿಯಾದೆಂಗೆ? ನಮ್ಮೂರ್ ದೇವ್ರುಗಳು ಇಷ್ಟ್ ಕ್ವಾಪ ಮಾಡ್ಕಳಕಿಲ್ಲ ಬುಡು" ಅಂದ ಅಂಬರೀಶ. ಚಡ್ಡಿ ಹಾಕಿದ್ದವರನ್ನು ಒಳಗೆ ಬಿಡಲಿಲ್ಲ. ಅವರು ಅಲ್ಲೇ ಕೊಟ್ಟ ಬಟ್ಟೆ ಸುತ್ತಿಕೊಂಡು ಒಬ್ಬರನ್ನೊಬ್ಬರು ನೋಡಿ ಹಲ್ಲು ಕಿರಿದರು. ಹೆಂಗಸರಿಗೆ ಬಿಸಿಲಲ್ಲಿ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆಯುವ ಕಷ್ಟ. ಮಂಗಳಾರತಿ ಇಲ್ಲ, ತೀರ್ಥ ಇಲ್ಲ, ಇದೆಂಥ ಗುಡಿ ಎಂದು ದುದ್ದದ ಯಜಮಾನರೊಬ್ಬರು ದಾರಿಯುದ್ದಕ್ಕೂ ಗೊಣಗಿದರು.

ಅವರಿಗೆಲ್ಲ ಬುದ್ಧಿ ಹೇಳಿದವನು ನಾನು. ಬೇರೆಯವರ ಧರ್ಮಕ್ಕೆ ಬೆಲೆ ಕೊಡಬೇಕು, ನಮಗೆ ಗೊತ್ತಿಲ್ಲದ್ದೆಲ್ಲ ನಗೆಪಾಟಲು ಅಲ್ಲ ಎಂದು ಮೈಕ್ ಹಿಡಿದು ಹೇಳಿದೆ. ಆದರೆ ನನಗೂ ಒಂದು ಅಸಮಾಧಾನ ಇತ್ತು. ಅಲ್ಲಿನ ವಿಹಾರಗಳ ಪಕ್ಕದಲ್ಲೇ ವಿಷ್ಣುವಿನ ಗುಡಿ. ಬುದ್ಧನಿಗೆ ಕೈ ಮುಗಿದ ಜನವೇ ಹಣ್ಣಿನ ತಟ್ಟೆ ಹಿಡಿದು ಅಲ್ಲಿಗೂ ಹೋಗುತ್ತಾರೆ. ಇದು ತಪ್ಪು, ಬುದ್ಧ ಹೇಳಿದ್ದು ಇದಲ್ಲ ಎಂದು ಗೈಡಿಗೆ ಅರ್ಧ ಗಂಟೆ ವಿವರಿಸಿದೆ. ಅವನು ನಗುತ್ತ ತಲೆ ಅಲ್ಲಾಡಿಸಿದ. ಅವನ ಧರ್ಮ ಅವನಿಗೇ ಗೊತ್ತಿಲ್ಲ.

ವಿಡಿಯೋ ವಿಷಯ. ಅವ್ವ ಕುಂಕುಮ ಇಡುವಾಗ ನಾನು ಮರದ ವಿಡಿಯೋ ತೆಗೆಯುತ್ತಿದ್ದೆ, ಅದರಲ್ಲಿ ಎಲ್ಲವೂ ಬಂದಿದೆ. ಬಸ್ಸಿನಲ್ಲಿ ಎಲ್ಲರೂ ಮುಸಿ ಮುಸಿ ನಗುತ್ತಿದ್ದರು. ಅವರು ನಗುವ ಮುಂಚೆ ನಾನೇ ನಕ್ಕುಬಿಟ್ಟರೆ ಅವಮಾನ ಕಡಿಮೆ ಅನ್ನಿಸಿತು. "ಲಂಕೆಯಲ್ಲಿ ನಮ್ಮವ್ವನ ಅವಾಂತರ" ಎಂದು ಬರೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಮನೆಯವರ ಗುಂಪಿಗೆ ಮಾತ್ರ. ಅಲ್ಲಿಂದ ಯಾರು ಎಲ್ಲೆಲ್ಲಿಗೆ ಕಳಿಸಿದರೋ ದೇವರೇ ಬಲ್ಲ.

ಅಕ್ಟೋಬರ್ 17, ಗುರುವಾರ

ಅವ್ವ ಹೊರಟುಹೋದಳು. ಬೆಳಿಗ್ಗೆ ಮಳೆ ಬಿಡುತ್ತಿದ್ದಂತೆ ಕೈಚೀಲ ಹಿಡಿದು ನಿಂತಳು. ಮಳವಳ್ಳಿ ಹತ್ತಿರ ಅವಳ ತಂಗಿ ಬೆಳ್ಳಮ್ಮ ಇದ್ದಾಳೆ, ಅದೇ ಅವ್ವ ಹುಟ್ಟಿದ ಊರು. ಅಲ್ಲಿಗೆ.

"ಎಷ್ಟ್ ದಿನಕ್ಕವ್ವ?" ಅಂದೆ.

"ನೋಡಾನ."

"ನವೆಂಬರ್ ಹತ್ತಕ್ಕೆ ವಿಹಾರದ ಕಾರ್ಯಕ್ರಮ ಐತೆ. ನೀನೇ ಪರದೆ ಸರಿಸ್ಬೇಕು, ಮರೀಬ್ಯಾಡ."

"ಆ ಬುದ್ದನ್ ತಾವ್ಕೆ ನಾ ಬರಾಕಿಲ್ಲ. ಇನ್ಯಾರ್ ಕೈಲಾದ್ರೂ ಮಾಡುಸ್ಕಳಿ."

ನಮ್ಮ ಬೀದಿಯ ಕೊನೆಗೆ ಕಟ್ಟಿರುವ ಪುಟ್ಟ ವಿಹಾರ ಅಪ್ಪನ ಕನಸು. ಅದಕ್ಕಾಗಿ ಅವರು ಮನೆ ಮನೆ ತಿರುಗಿದವರು. ಕಲ್ಲಿನ ಬುದ್ಧನ ಮೂರ್ತಿ ಬಂದು ಹಳದಿ ಬಟ್ಟೆ ಹೊದ್ದು ಕೂತಿದೆ. ಮರಿಸಿದ್ದಯ್ಯನವರ ಹೆಂಡತಿ ಪಟ್ಟಲಮ್ಮನೇ ಆ ಬಟ್ಟೆ ಸರಿಸಬೇಕು ಎಂದು ಆಗಸ್ಟಿನಲ್ಲೇ ತೀರ್ಮಾನವಾಗಿತ್ತು. ಸಮಿತಿಯ ಕಾರ್ಯದರ್ಶಿ ನಾನೇ. ಅವಳು ಆವತ್ತು ಬರದಿದ್ದರೆ ಅಪ್ಪನಿಗೆ ಏನು ಮುಖ ತೋರಿಸಲಿ? ಅವರು ಇಲ್ಲ, ಆದರೂ.

ಬಸ್ಸು ಹತ್ತಿಸಲು ಹೋದೆ. ಕಿಟಕಿಯಿಂದ ಕೈ ಬೀಸಲಿಲ್ಲ.

ಅಕ್ಟೋಬರ್ 18, ಶುಕ್ರವಾರ

ಸಂಜೆ ಸಮಿತಿ ಸಭೆ. ಅಧ್ಯಕ್ಷ ಕೆಂಪಯ್ಯನವರು ಅಂಚೆ ಇಲಾಖೆಯಿಂದ ನಿವೃತ್ತರಾದವರು, ಮಾತಿಗೆ ಮುಂಚೆ ಕನ್ನಡಕ ಒರೆಸುವವರು. ಇವತ್ತು ತುಂಬ ಹೊತ್ತು ಒರೆಸಿದರು.

"ಮೇಷ್ಟ್ರೇ, ತಪ್ ತಿಳ್ಕಬ್ಯಾಡಿ. ವಿಡಿಯೋ ನಮ್ ಗುಂಪ್ಗೂ ಬಂದೈತೆ. ನಮ್ಮವ್ವನೂ ಅಂಗೇ ಮಾಡಿರೋಳು, ಅದೇನಿಲ್ಲ. ಆದ್ರೆ ಮೈಸೂರಿಂದ ಬೌದ್ಧ ಬಿಕ್ಕುಗಳು ಬತ್ತಾವ್ರೆ, ಭಂತೇಜಿ. ಜನ ಏನಂದಾರು?"

ಕಾವಲಿನವನು ಎಲ್ಲರ ಮುಂದೆ ಕೂಗಾಡಿಬಿಟ್ಟ, ಅವ್ವನಿಗೆ ಅದೇ ಮನಸ್ಸಿಗೆ ಹತ್ತಿದೆ ಅಂದೆ. ಛೆ ಛೆ ಅಂದರು ಎಲ್ಲರೂ. ಆಮೇಲೆ ನನ್ನನ್ನೇ ನೋಡುತ್ತಿದ್ದರು. ಕೊನೆಗೆ ನಾನೇ ಸೂಚಿಸಿದೆ: ಮಂಡ್ಯದ ನಿವೃತ್ತ ಇಂಜಿನಿಯರು ಒಬ್ಬರಿದ್ದಾರೆ, ನಮ್ಮ ಸಮಾಜದಲ್ಲಿ ದೊಡ್ಡ ಹೆಸರು, ಅವರ ಕೈಯಲ್ಲಿ ಅನಾವರಣ ಮಾಡಿಸೋಣ. ಎಲ್ಲರಿಗೂ ಉಸಿರು ಬಂತು.

ಅವ್ವ ತಾನೇ ಬರುವುದಿಲ್ಲ ಅಂದಳಲ್ಲ. ನಾನು ತಪ್ಪೇನೂ ಮಾಡಲಿಲ್ಲ. ಆಹ್ವಾನ ಪತ್ರಿಕೆ ಸೋಮವಾರ ಅಚ್ಚಿಗೆ ಹೋಗುತ್ತದೆ.

ಅಕ್ಟೋಬರ್ 21, ಸೋಮವಾರ

ಶಾಲೆ ಶುರು. ಶಿವಪುರದ ಹತ್ತಿರ ಮಳೆ ನೀರು ರಸ್ತೆಗೆ ಬಂದಿತ್ತು, ಬೈಕ್ ತಳ್ಳಿಕೊಂಡು ಹೋದೆ. ಎಂಟನೆಯ ತರಗತಿಗೆ ಬೌದ್ಧ ಧರ್ಮದ ಪಾಠ. ಮುಂದಿನ ವಾರ ಮಾಡೋಣ ಅಂದೆ.

ಅಕ್ಟೋಬರ್ 24, ಗುರುವಾರ

ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದೆ. ವಿಜ್ಞಾನದ ನಾಗಶ್ರೀ ಮೇಡಂ ಮೊಬೈಲ್ ಚಾಚಿ, "ಸಾರ್, ಇದು ನಿಮ್ ತಾಯೀನಾ?" ಅಂದರು. ಯಾರೋ ಅದಕ್ಕೆ ಡೊಳ್ಳಿನ ಸದ್ದು ಸೇರಿಸಿದ್ದಾರೆ. ಅವ್ವ ಪೊಟ್ಟಣ ಬಿಚ್ಚುವಾಗ ಡೊಳ್ಳು ಶುರುವಾಗುತ್ತದೆ. ಅಲ್ಲ ಅಂದೆ.

ಅಲ್ಲ ಅಂದೆ. ಹೆತ್ತ ತಾಯಿಯನ್ನು.

ಮನೆಗೆ ಬಂದರೆ ಮಗಳು ಪ್ರಿಯಾಂಕ ಮಂಡ್ಯದ ಕಾಲೇಜಿನಿಂದ ಬಂದು ಕೂತಿದ್ದಳು. ಅವಳು ಮನೆಯವರ ಗುಂಪಿನಿಂದ ಹೊರಗೆ ಹೋಗಿದ್ದಾಳೆ.

"ಯಾಕಮ್ಮ?"

"ಅಜ್ಜಿ ಯಾವತ್ತಾದ್ರೂ ನಿಮ್ಮ ವಿಡಿಯೋ ತಗುದು ಊರಿಗೆಲ್ಲ ತೋರ್ಸಿದ್ರಾ ಅಪ್ಪ? ನೀವು ಲೂನಾ ಕಲಿಯಕ್ಕೋಗಿ ತಿಪ್ಪೆಗೆ ಬಿದ್ದಿದ್ನ ಇವತ್ತಿಗೂ ಯಾರ್ಗೂ ಹೇಳಿಲ್ಲ ಅವ್ರು. ನಂಗ್ ಹೇಳಿದ್ದು ಅಮ್ಮ."

ಶಾಲಿನಿ ಒಳಗೆ ಪಾತ್ರೆ ತೊಳೆಯುವ ಸದ್ದು ನಿಲ್ಲಿಸಿದಳು.

ಅಕ್ಟೋಬರ್ 27, ಭಾನುವಾರ

ಮಳವಳ್ಳಿಗೆ ಹೋಗಿ ಬಂದೆ. ಅಲ್ಲಿಂದ ಆಟೋ. ಅವ್ವ ಜಗುಲಿಯಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು. ನನ್ನನ್ನು ನೋಡಿ, "ಉಂಡ್ಯಾ?" ಅಂದಳು. ಅಷ್ಟೇ.

ದೀಪಾವಳಿಯ ಹೊತ್ತಿಗಾದರೂ ಮನೆಗೆ ಬಾ ಎಂದು ಕರೆದೆ. ತಲೆ ಎತ್ತಲಿಲ್ಲ. ನನಗೂ ಸಿಟ್ಟು ಬಂತು. ಒಂದು ಸಣ್ಣ ವಿಷಯಕ್ಕೆ ಇಷ್ಟು ದಿನ ಮುನಿಸಿಕೊಂಡರೆ ಹೇಗೆ, ಬುದ್ಧನಿಗೆ ಕುಂಕುಮ ಇಡಬಾರದು ಎಂದು ಎಷ್ಟು ಸಲ ಹೇಳಿದ್ದೆ, ನಮ್ಮ ಮನೆಯಲ್ಲೇ ಇಪ್ಪತ್ತು ವರ್ಷದಿಂದ ಇಡುತ್ತಿಲ್ಲವಲ್ಲ, ಅಲ್ಲಿ ಹೋಗಿ ಯಾಕೆ ಇಡಬೇಕಿತ್ತು ಎಂದು ಜೋರಾಗಿಯೇ ಕೇಳಿದೆ.

ಚಿಕ್ಕಮ್ಮ ಬೆಳ್ಳಮ್ಮ ಒಳಗಿನಿಂದ ಬಂದಳು. ಅವಳ ಬಾಯಿ ಮೊದಲಿನಿಂದಲೂ ಜೋರು.

"ಯಾಕ್ ಇಟ್ಲು ಅಂತ ಕೇಳೀಯಾ? ಬಾ ಇಲ್ಲಿ, ನೋಡು." ರಟ್ಟೆ ಹಿಡಿದು ಬೀದಿಗೆ ಕರೆದುಕೊಂಡು ಹೋಗಿ ಕೈ ತೋರಿಸಿದಳು. ದೂರದಲ್ಲಿ ಊರಿನ ಅರಳಿಕಟ್ಟೆ, ಮರದ ಬುಡದಲ್ಲಿ ಅರಿಶಿನ ಕುಂಕುಮ ಬಳಿದ ನಾಗರಕಲ್ಲುಗಳು. "ನಾವ್ ಹುಡುಗೀರಾಗಿದ್ದಾಗ ಊರ್ ಹೆಂಗುಸ್ರು ಮಿಂದು ಆ ಮರ ಸುತ್ತಿ ಕಲ್ಗೆ ಕುಂಕುಮ ಇಡೋರು. ನಾವು ಇಲ್ಲೇ, ಈ ಚರಂಡಿ ತಾವ ನಿಂತ್ಕಂಡ್ ನೋಡ್ಬೇಕಾಗಿತ್ತು. ಒಂದ್ ದಪ ನಿಮ್ಮವ್ವ ಕಟ್ಟೆ ಮ್ಯಾಕೆ ಕಾಲಿಟ್ಲು. ಏಳೋ ಎಂಟೋ ವರ್ಸ. 'ಮುಟ್ಬ್ಯಾಡ, ಮುಟ್ಬ್ಯಾಡ' ಅಂತ ಊರೇ ಕೂಗ್ಕತ್ತು. ನಮ್ಮಪ್ಪ ಹಗ್ಗದಲ್ಲಿ ಹೊಡ್ದ. ಅವ್ರು ಹೊಡಿಯಾಕ್ ಮುಂಚೆ ತಾನೇ ಹೊಡುದ್ರೆ ಉಳ್ಕತ್ತಾಳೆ ಅಂತ."

ಇದು ನನಗೆ ಗೊತ್ತೇ ಇರಲಿಲ್ಲ. ಐವತ್ತಮೂರು ವರ್ಷ ಇವಳ ಮಗನಾಗಿದ್ದೇನೆ.

ಜಗುಲಿಗೆ ಬಂದು ಅವ್ವನ ಪಕ್ಕ ಕೂತು ಸಮಾಧಾನ ಹೇಳಿದೆ. "ಆ ಕಾವಲ್ನೋನು ಅಂಗ್ ಕೂಗಬಾರ್ದಾಗಿತ್ತು ಕಣವ್ವ."

ಅವ್ವ ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಅವ್ನು ಏನಂದ್ನೋ ನಂಗೇನ್ ಗೊತ್ತಪ್ಪ? ಅವ್ರ ಮಾತು ನಂಗ್ ತಿಳಿದದಾ? ನಂಗ್ ತಿಳಿಯಾದು ನಿನ್ ಮಾತೊಂದೇಯ."

ಬಸ್ಸಿನಲ್ಲಿ ನಿಂತುಕೊಂಡೇ ಬಂದೆ. ಸೊಂಟ ನೋವು.

ಅಕ್ಟೋಬರ್ 28, ಸೋಮವಾರ

ರಜೆ ಹಾಕಿದೆ. ತಲೆನೋವು. ಬರೆಯುವುದಕ್ಕೆ ಏನೂ ಇಲ್ಲ.

ಅಕ್ಟೋಬರ್ 31, ಗುರುವಾರ

ನಾವು ದೀಪಾವಳಿ ಮಾಡುವುದಿಲ್ಲ, ಆದರೂ ಅವ್ವ ಹೊಸಿಲಿಗೆ ಒಂದು ಹಣತೆ ಇಡುತ್ತಿದ್ದಳು. ಅಪ್ಪ ಬೈದರೆ "ಕತ್ಲಾಗದೆ, ಎಡವಿ ಬಿದ್ದೀಯ" ಅನ್ನುತ್ತಿದ್ದಳು. ಈ ಸಲ ಶಾಲಿನಿ ಇಟ್ಟಳು. ನಾನು ಬೈಯಲಿಲ್ಲ.

ಮಧ್ಯಾಹ್ನ ಮಹಡಿ ಮೇಲೆ ಹೋಗಿ ಆ ವಿಡಿಯೋ ನೋಡಿದೆ. ಡೊಳ್ಳು ಇಲ್ಲದ್ದು, ನನ್ನ ಫೋನಿನದ್ದೇ. ಸತ್ಯ ಹೇಳಬೇಕೆಂದರೆ, ಆವತ್ತು ಬಸ್ಸಿನ ಗಲಾಟೆಯಲ್ಲಿ ಸದ್ದು ಕೇಳಿಸಿಕೊಳ್ಳದೆಯೇ ಕಳಿಸಿಬಿಟ್ಟಿದ್ದೆ. ಆಮೇಲೆ ಪೂರ್ತಿ ನೋಡಲು ಮನಸ್ಸಾಗಿರಲಿಲ್ಲ.

ಒಟ್ಟು ಐವತ್ತೆರಡು ಸೆಕೆಂಡು. ಮೊದಲು ಮರ. ಆಮೇಲೆ ಅವ್ವನ ಬೆನ್ನು. ಕಾವಲಿನವನು ದೂರದಲ್ಲಿ, ಮೂಲೆಯಲ್ಲಿ, ಎಲೆ ಗುಡಿಸುತ್ತಿದ್ದಾನೆ. ಅವನು ಅವ್ವನನ್ನು ನೋಡಿಯೇ ಇಲ್ಲ. ಅವ್ವ ಪೊಟ್ಟಣ ಬಿಚ್ಚುತ್ತಾಳೆ, ಬೆರಳು ಅದ್ದುತ್ತಾಳೆ, ಬಗ್ಗುತ್ತಾಳೆ. ಆಗ ಒಂದು ದನಿ. "ಏಯ್ ಅವ್ವ, ಮುಟ್ಬ್ಯಾಡ! ಮುಟ್ಬ್ಯಾಡ ಅಂದ್ರೆ!" ಆ ದನಿಗೆ ಕಾವಲಿನವನು ತಲೆ ಎತ್ತುತ್ತಾನೆ. ಅವ್ವ ಬೆಂಕಿ ತಾಕಿದವಳಂತೆ ಕೈ ಎಳೆದುಕೊಳ್ಳುತ್ತಾಳೆ, ಕುಂಕುಮ ಬುದ್ಧನ ಮಡಿಲಿಗೆ ಚೆಲ್ಲುತ್ತದೆ. ಕಾವಲಿನವನು ಪೊರಕೆ ಬಿಟ್ಟು ಬರುತ್ತಾನೆ. ಬಂದವನು ಅವ್ವನಿಗೆ ಕೈ ಮುಗಿಯುತ್ತಾನೆ. ಏನೋ ಮೆಲ್ಲಗೆ ಹೇಳಿ, ಹೆಗಲ ಬಟ್ಟೆಯಿಂದ ಕುಂಕುಮ ಒರೆಸಿ, ತಟ್ಟೆಯಿಂದ ಒಂದು ನೈದಿಲೆ ತೆಗೆದು ಅವಳ ಕಡೆ ಚಾಚುತ್ತಾನೆ. ಇದನ್ನು ಇಡಿ ಎನ್ನುವಂತೆ. ಅಷ್ಟರಲ್ಲಿ ಅವ್ವ ಚಿತ್ರದಲ್ಲಿ ಇಲ್ಲ. ಫೋನು ಬಸ್ಸಿನವರ ಕಡೆ ತಿರುಗಿದೆ. ಎಲ್ಲರೂ ನಗುತ್ತಿದ್ದಾರೆ, ಫೋನು ಹಿಡಿದವನೂ.

ಕೂಗಿದ ದನಿ ಯಾರದು ಎಂದು ಬರೆಯುವುದು ಬೇಡ ಅಂದುಕೊಂಡಿದ್ದೆ. ನನ್ನದು.

ಅಕ್ಟೋಬರ್ 13ರಂದು ಈ ಪುಸ್ತಕದಲ್ಲೇ ಬೇರೆ ಬರೆದಿದ್ದೇನೆ. ಹೊಡೆದು ಹಾಕೋಣ ಎಂದು ಪೆನ್ನು ತಗೊಂಡೆ. ಇರಲಿ ಅನ್ನಿಸಿತು.

ನವೆಂಬರ್ 3, ಭಾನುವಾರ

ವಿಡಿಯೋ ಅಳಿಸಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಬೋರ್ಡಿನ ಮೇಲೆ ಬರೆಸುವವನು ನಾನು. ಇನ್ನೂ ಎಷ್ಟು ಜನರ ಫೋನಿನಲ್ಲಿ ಅವ್ವ ಬಗ್ಗಿ ನಿಂತಿದ್ದಾಳೋ.

ಕೆಂಪಯ್ಯನವರ ಮನೆಗೆ ಹೋಗಿ, ಅನಾವರಣ ಅವ್ವನೇ ಮಾಡಲಿ ಅಂದೆ. ಅವರು ಒಳಗಿನಿಂದ ಆಹ್ವಾನ ಪತ್ರಿಕೆಯ ಕಟ್ಟು ತಂದು ಮುಂದಿಟ್ಟರು. ಇಂಜಿನಿಯರ ಹೆಸರು ಕೆಂಪಕ್ಷರದಲ್ಲಿದೆ. ಹಂಚಿಯೂ ಆಗಿದೆ.

"ನೀವೇ ಅಲ್ವಾ ಮೇಷ್ಟ್ರೇ ಅವ್ರೆಸ್ರು ಹೇಳಿದ್ದು? ಈಗ ಬ್ಯಾಡ ಅಂದ್ರೆ ಆ ಮನುಷ್ಯುನ್ಗೆ ಏನ್ ಹೇಳಾನ?"

"ಕಾವಲ್ನೋನು ಕೂಗ್ನಿಲ್ಲ ಅಧ್ಯಕ್ಷರೇ. ನಾನು ಕೂಗಿದ್ದು."

ಅವರು ಕನ್ನಡಕ ತೆಗೆದರು, ಒರೆಸಲಿಲ್ಲ. "ಗೊತ್ತು" ಅಂದರು. "ವಿಡಿಯೋ ನೋಡ್ದೋರ್ಗೆಲ್ಲ ಗೊತ್ತು. ನಿಮ್ ದನಿ ಮದ್ದೂರ್ನಲ್ಲಿ ಯಾರ್ಗ್ ಗೊತ್ತಿಲ್ಲ?"

ಮೂರು ವಾರದಿಂದ ಎಲ್ಲರಿಗೂ ಗೊತ್ತಿತ್ತು. ಹೊಸದಾಗಿ ಗೊತ್ತಾದದ್ದು ನನಗೊಬ್ಬನಿಗೆ.

ನವೆಂಬರ್ 5, ಮಂಗಳವಾರ

ಅರ್ಧ ದಿನ ರಜೆ ಹಾಕಿ ಮಳವಳ್ಳಿಗೆ. ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಅಲ್ಲಿ ಹೋದ ಮೇಲೆ ಒಂದೂ ನೆನಪಾಗಲಿಲ್ಲ. ಮೊರ ಎಳೆದುಕೊಂಡು ಅವಳ ಎದುರು ಕೂತು ನಾನೂ ಕಡಲೆಕಾಯಿ ಬಿಡಿಸಿದೆ. ಹೆಬ್ಬೆರಳು ಉರಿ ಬಂತು. ಅರ್ಧ ಗಂಟೆ ಆಗಿರಬೇಕು.

"ಅಲ್ಲ ಕಣ್ಲಾ" ಅಂದಳು ಅವ್ವ, ಇದ್ದಕ್ಕಿದ್ದಂತೆ. "ಆವತ್ತು ಆ ಪೊರಕೆ ಇಡ್ದಿದ್ನಲ್ಲ, ಅವ್ನು ನಂಗ್ ಕೈ ಮುಗ್ದು ಏನೋ ಅಂದ. ಏನಂದ?"

ಲಂಕೆಯಲ್ಲಿದ್ದಾಗ ಕೇಳಿದ್ದರೆ ಏನಾದರೊಂದು ಹೇಳಿಬಿಡುತ್ತಿದ್ದೆ. ನಾಲ್ಕು ದಿನ ಬಸ್ಸಿನವರಿಗೆಲ್ಲ ಅದನ್ನೇ ಮಾಡಿದ್ದೆ.

"ನಂಗೂ ಗೊತ್ತಿಲ್ಲ ಕಣವ್ವ."

"ಗೊತ್ತಿಲ್ದೇನೆ ಅಷ್ಟು ಜೋರಾಗ್ ಕೂಗ್ದಾ?"

"ಊಂ."

ಅವ್ವ ನನ್ನ ಮೊರದಿಂದ ಎರಡು ಹಿಡಿ ಕಾಯಿ ತಗೊಂಡು ತನ್ನ ಮೊರಕ್ಕೆ ಹಾಕಿಕೊಂಡಳು. "ಬುಡು, ಬೆರ್ಳು ಕೆಂಪಗಾಗೈತೆ. ನೀ ಸೀಮೆಸುಣ್ಣ ಇಡಿಯೋನು."

ಪರದೆ ಸರಿಸುವುದು ಇಂಜಿನಿಯರು ಎಂಬುದನ್ನೂ ಹೇಳಿದೆ, ಹೆಸರು ಕೊಟ್ಟವನು ನಾನೇ ಎಂಬುದನ್ನೂ. "ಒಳ್ಳೇದಾಯ್ತು" ಅಂದಳು. ಕೊಂಕಿನಿಂದ ಅಂದಳೋ ನಿಜಕ್ಕೂ ಅಂದಳೋ ತಿಳಿಯಲಿಲ್ಲ. ಬಾ ಎಂದು ಕರೆಯಲಿಲ್ಲ. ಕರೆಯುವ ಧೈರ್ಯ ಬರಲಿಲ್ಲ.

ನವೆಂಬರ್ 8, ಶುಕ್ರವಾರ

ಎಂಟನೆಯ ತರಗತಿಗೆ ಬೌದ್ಧ ಧರ್ಮದ ಪಾಠ ಮುಗಿಸಿದೆ. ಒಂದು ಹುಡುಗಿ, "ಸಾರ್, ಬುದ್ಧನಿಗೆ ಹೆಂಗೆ ಪೂಜೆ ಮಾಡೋದು?" ಎಂದು ಕೇಳಿದಳು. ಒಂದೊಂದು ಕಡೆ ಒಂದೊಂದು ಥರ ಮಾಡ್ತಾರಮ್ಮ ಅಂದೆ. ಮೊದಲಾದರೆ ಪಿರಿಯಡ್ ಪೂರ್ತಿ ಹೇಳುತ್ತಿದ್ದೆ. ಸುಸ್ತು.

ನವೆಂಬರ್ 9, ಶನಿವಾರ

ಅವ್ವ ಬಂದಳು. ಮಧ್ಯಾಹ್ನದ ಬಸ್ಸಿಗೆ, ಒಬ್ಬಳೇ, ತಲೆ ಮೇಲೆ ಕಡಲೆಕಾಯಿ ಚೀಲ ಹೊತ್ತು. "ಬೆಳ್ಳಿ ಮನೇಲಿ ತಿಗಣೆ" ಅಂದಳು. ಬೇರೆ ಕಾರಣ ಹೇಳಲಿಲ್ಲ, ನಾವು ಕೇಳಲಿಲ್ಲ. ಪ್ರಿಯಾಂಕ ಅಜ್ಜಿಯ ಮಡಿಲಲ್ಲಿ ತಲೆ ಇಟ್ಟು ಸಂಜೆವರೆಗೆ ಏಳಲಿಲ್ಲ.

ನಾಳೆ ಬರುತ್ತಾಳೋ ಇಲ್ಲವೋ.

ನವೆಂಬರ್ 10, ಭಾನುವಾರ

ಬೆಳಿಗ್ಗೆ ನಾನು ಆರಕ್ಕೇ ವಿಹಾರಕ್ಕೆ ಹೋದೆ. ಕುರ್ಚಿ, ನೀರು, ಚಪ್ಪಲಿ ಬಿಡುವ ಜಾಗ, ನೂರೆಂಟು ಕೆಲಸ. ಹತ್ತೂವರೆಗೆ ಇಂಜಿನಿಯರು ಬಂದು ಹಳದಿ ಬಟ್ಟೆ ಸರಿಸಿದರು, ಚಪ್ಪಾಳೆ ಆಯಿತು. ಒಳ್ಳೆಯ ಮೂರ್ತಿ. ಭಂತೇಜಿ 'ಬುದ್ಧಂ ಸರಣಂ ಗಚ್ಛಾಮಿ' ಎಂದು ತ್ರಿಸರಣ ಹೇಳಿಕೊಟ್ಟರು. ಆಮೇಲೆ ಒಬ್ಬೊಬ್ಬರೇ ಬಂದು ಹೂವು ಅರ್ಪಿಸಬಹುದು ಅಂದರು. ನಾನು ಮೂರ್ತಿಯ ಪಕ್ಕ ನಿಂತು ಸಾಲು ಸರಿಮಾಡುತ್ತಿದ್ದೆ.

ಸಾಲಿನಲ್ಲಿ ಅವ್ವ ಇದ್ದಳು. ಯಾವಾಗ ಬಂದಳೋ ನೋಡಿರಲಿಲ್ಲ. ಬಿಳಿ ಸೀರೆ ಉಟ್ಟಿದ್ದಳು, ಶಾಲಿನಿಯದಿರಬೇಕು. ಕೈಯಲ್ಲಿ ನಾಲ್ಕು ಸೇವಂತಿಗೆ. ಅವಳ ಸರದಿ ಬಂದಾಗ ಮೂರ್ತಿಗೆ ಒಂದು ಮಾರು ದೂರದಲ್ಲಿ ನಿಂತುಬಿಟ್ಟಳು. ಮುಂದೆ ಬರಲಿಲ್ಲ. ನನ್ನ ಕಡೆ ತಿರುಗಿದಳು.

"ಸಿವ್ರಾಮು, ಮುಟ್ಲೇನ್ಲಾ?"

ಮೆಲ್ಲಗೆ ಕೇಳಿದ್ದೇನಲ್ಲ. ಇಡೀ ಸಭೆಗೆ ಕೇಳಿಸಿತು.

"ನನ್ ಯಾಕವ್ವ ಕೇಳೀಯೆ?"

"ಇನ್ಯಾರ್ನ ಕೇಳ್ಲಿ? ಕೂಗೋನು ನೀನಲ್ವಾ? ಮದ್ಲೇ ಕೇಳ್ಕಂಡ್ರೆ ವಾಸಿ ಅಂತ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು, ಕೆಂಪಯ್ಯನವರೂ ನಕ್ಕರು, ಭಂತೇಜಿ ಏನೂ ತಿಳಿಯದೆ ಮುಗುಳ್ನಕ್ಕರು. ಕಿವಿ ಬಿಸಿಯಾಯಿತು. ನಕ್ಕಿದ್ದು ಅವ್ವನನ್ನು ನೋಡಿ ಅಲ್ಲ ಎಂಬುದು ಗೊತ್ತಾಗಿ ಎಂಥದೋ ಹಗುರ ಅನ್ನಿಸಿತು.

ಅವಳು ಮಾತ್ರ ನಗಲಿಲ್ಲ. ಉತ್ತರಕ್ಕೆ ಕಾಯುತ್ತಿದ್ದಳು. ಮುಟ್ಟವ್ವ ಅನ್ನಲು ಬಾಯಿ ತೆರೆದೆ. ಆದರೆ ಅಪ್ಪಣೆ ಕೊಡಲು ನಾನು ಯಾರು? ಬ್ಯಾಡ ಅನ್ನುವವನೂ ನಾನೇ, ಮುಟ್ಟು ಅನ್ನುವವನೂ ನಾನೇ. ಅವಳ ಮತ್ತು ಮೂರ್ತಿಯ ನಡುವೆ ಇದ್ದವನು ಪಕ್ಕಕ್ಕೆ ಸರಿದು, ಸಾಲಿನ ಕೊನೆಗೆ ಹೋಗಿ ನಿಂತೆ.

ಅಲ್ಲಿಂದ ನೋಡಿದೆ. ಹೂವು ಇಟ್ಟಳು. ಆಮೇಲೆ ಬುದ್ಧನ ಪಾದದ ಮೇಲೆ ಅಂಗೈ ಇಟ್ಟಳು. ಇಟ್ಟ ಕೈ ತೆಗೆಯಲಿಲ್ಲ. ಸಾಲು ಬೆಳೆಯಿತು. ಕೆಂಪಯ್ಯನವರು, "ಅಮ್ಮಾ, ಹಿಂದೆ ಜನ ಅವ್ರೆ" ಅಂದರು.

"ಇರ್ಲಿ ಬುಡಿ ಅಧ್ಯಕ್ಷರೇ" ಅಂದೆ. "ಎಷ್ಟೊತ್ತಾದ್ರೂ ಇರ್ಲಿ." ಮತ್ತೆ ಜೋರಾಗಿಯೇ ಅಂದೆ. ನನ್ನ ದನಿಯೇ ಅಂಥದ್ದು.

ಎಲ್ಲ ಮುಗಿದು ಮನೆಗೆ ಬಂದಾಗ ಮೂರು ಗಂಟೆ. ಅವ್ವ ಆಗಲೇ ಬಂದು ಅಡುಗೆಮನೆಯಲ್ಲಿ ಕೂತು ಮುದ್ದೆ ಉಣ್ಣುತ್ತಿದ್ದಳು. ನಾನೂ ತಟ್ಟೆ ಹಾಕಿಕೊಂಡು ಕೂತೆ.

"ತಣ್ಣಗೈತೆ ಕಣ್ಲಾ" ಅಂದಳು.

"ಸಾರಾ? ಬಿಸಿ ಮಾಡುಸ್ಲಾ?"

"ಸಾರಲ್ಲ. ಅವ್ನ ಪಾದ. ದೇವ್ರ್ ಕಲ್ಲು ಇಷ್ಟ್ ತಣ್ಣಗಿರ್ತದೆ ಅಂತ ಗೊತ್ತೇ ಇರ್ನಿಲ್ಲ."

"ಲಂಕೇಲಿ ಗೊತ್ತಾಗ್ನಿಲ್ವಾ?"

"ಅಲ್ಲೆಲ್ಲಿ ಬತ್ತು? ನೀ ಕೂಗ್ತಿದ್ದಂಗೇ ಕೈ ಕಿತ್ಕಂಡ್ನಲ್ಲ."

ಅಷ್ಟು ಹೇಳಿ ಮುದ್ದೆ ಮುರಿದು ಸಾರಿಗೆ ಅದ್ದಿಕೊಂಡಳು. ಅವ್ವನಿಗೆ ಈಗ ಎಪ್ಪತ್ತನಾಲ್ಕು ವರ್ಷ.